ಓವೀಡನ ಬಿರುಗಾಳಿ ತಿಜೋರಿ

ಬಿರುಗಾಳಿ ನಮ್ಮೂರು ಬಾಯೂ ಸೆಲೆಸ್ಟ್ ಕಡೆಗೇ ಹೊರಟಿದೆ ಎಂದು ಟೀವಿಯವರು ಹೇಳಿದ ಕೂಡಲೇ ಊರಿನ ಜನ ನೀರು, ಬ್ರೆಡ್ಡು, ಬಿಯರು ಅಂತ ಅಂಗಡಿಗೆ ಓಡಿದರು. ನನ್ನ ಗಂಡ ಓವೀಡ್ ಎಲ್ಲಿಗೂ ಓಡಲಿಲ್ಲ. ಅಡುಗೆಮನೆಯ ಮೇಜಿನ ಮೇಲಿದ್ದ ನನ್ನ ಈರುಳ್ಳಿ, ಸೆಲೆರಿ, ಹಲಗೆ, ಚಾಕು ಎಲ್ಲವನ್ನೂ ಒಂದೇ ಕೈಯಲ್ಲಿ ಪಕ್ಕಕ್ಕೆ ಸರಿಸಿ, ತನ್ನ ವೇಪಿನ ಸಂಸಾರವನ್ನು ಅಲ್ಲಿ ಹರಡಿಕೊಂಡು ಕೂತ. ಬಾಯಲ್ಲಿಟ್ಟು ಎಳೆಯುವ ಯಂತ್ರಗಳು, ಬೆರಳು ಗಾತ್ರದ ಬ್ಯಾಟರಿಗಳು, ಯಂತ್ರಕ್ಕೆ ತುಂಬುವ ರಸದ ಬಾಟಲಿಗಳು, ಒಳಗೆ ಸುಟ್ಟುಹೋದಾಗ ಬದಲಿಸುವ ಕಾಯಿಲ್‌ಗಳು, ಚಾರ್ಜರುಗಳು, ಆ ಚಾರ್ಜರುಗಳು ಕೈಕೊಟ್ಟರೆ ಬೇಕೆಂದು ಇನ್ನಷ್ಟು ಚಾರ್ಜರುಗಳು. ಮಗಳ ಮದುವೆಗೆ ಒಡವೆ ಕೊಳ್ಳುವವನ ಹಾಗೆ ಒಂದೊಂದನ್ನೂ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಮನೇಲಿ ಅಕ್ಕಿ ಇದೆಯೋ ಇಲ್ವೋ ಅಂತ ಒಂದು ಮಾತು ಕೇಳಿದ್ಯಾ?" ಎಂದೆ.

"ಅಕ್ಕಿ ನಿನ್ನ ಖಾತೆ ನೊಯೆಲಿ. ಇದು ನನ್ನ ಖಾತೆ," ಎಂದ. "ಹೋದ ಸಲ ಏನಾಯ್ತು, ಮರೆತೋಯ್ತಾ?"

ಮರೆಯುವುದುಂಟೇ. ಹೋದ ಸಲ ಬಂದ ಗಾಳಿಯ ಹೆಸರು ಗ್ಲೆಂಡಾ. ಆಗಷ್ಟೇ ಓವೀಡ್ ನಲವತ್ತು ವರ್ಷದ ಸಿಗರೇಟು ಬಿಟ್ಟು ಈ ವೇಪು ಹಿಡಿದಿದ್ದ. ಅವನ ಹತ್ತಿರ ಇದ್ದದ್ದು ಒಂದೇ ಒಂದು. ಗಾಳಿ ಕರೆಂಟು ಕಿತ್ತುಕೊಂಡು ಹೋಯಿತು, ಚಾರ್ಜು ಮುಗಿದು ಅದು ಸತ್ತಿತು, ಇವನು ಬೋನಿಗೆ ಹಾಕಿದ ಕರಡಿಯ ಹಾಗೆ ಜಗಲಿಯ ಉದ್ದಕ್ಕೂ ಓಡಾಡಿದ. ಆಮೇಲೆ "ಸ್ಪ್ಯಾನರ್ ತರ್ತೀನಿ" ಎಂದು ಎದುರುಮನೆ ಕರ್ಲಿಯ ಹತ್ತಿರ ಹೋದ. ಬಂದಾಗ ಅಂಗಿ ಗಬ್ಬೆಂದು ಸಿಗರೇಟು ನಾರುತ್ತಿತ್ತು. ಕೇಳಿದ್ದಕ್ಕೆ "ಕರ್ಲಿ ಸೇದ್ತಿದ್ದ, ಹೊಗೆ ಅಂಗಿಗೆ ಹತ್ಕೊಂಡಿದೆ" ಎಂದ. ನಾನು ನಂಬಿದೆ. ನಂಬಿದ್ದು ಮಾತ್ರವಲ್ಲ, ಇದ್ದ ನೀರಿನಲ್ಲೇ ಆ ಅಂಗಿಯನ್ನು ಕೈಯಾರೆ ಒಗೆದು ಹರವಿದೆ. ನನ್ನಂಥ ಪೆದ್ದಿ ಇಡೀ ಲೂಸಿಯಾನಾದಲ್ಲಿ ಇರಲಿಲ್ಲ.

ಕ್ರಿಸ್ಮಸ್ ಹೊತ್ತಿಗೆ ದಿನಕ್ಕೊಂದು ಪ್ಯಾಕು ಆಗಿತ್ತು. ಆಮೇಲೆ ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಆಸ್ಪತ್ರೆಯಲ್ಲಿ ಮಲಗಿದ, ಮೂಗಿಗೆ ನಳಿಗೆ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರಮ್ಮ ಹೇಳಿದರು: "ಇನ್ನೊಂದು ಸಲ ಸಿಗರೇಟು ಮುಟ್ಟಿದ್ರೆ ನನ್ನ ಹತ್ರ ಬರಬೇಡಿ, ನೇರವಾಗಿ ಪಾದ್ರಿಗಳ ಹತ್ರ ಹೋಗಿ." ತಮಾಷೆಗೆ ಹೇಳಿದ್ದಲ್ಲ, ಮುಖದಲ್ಲಿ ನಗು ಇರಲಿಲ್ಲ. ಇವನ ಅಪ್ಪನೂ ಸೇದಿ ಸೇದಿ, ಸೀಗಡಿ ದೋಣಿಯ ಮೇಲೆಯೇ ಉಸಿರು ಸಿಗದೆ ಹೋದವರು. ಅವತ್ತು ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನನಗೆ ಅರ್ಥವಾದದ್ದು ಇಷ್ಟೇ, ನನಗೆ ಈ ಮನುಷ್ಯ ಬೇಕು. ಬೈಯುವುದಕ್ಕಾದರೂ ಬೇಕು.

ಮನೆಗೆ ಬಂದ ಮೇಲೆ ಓವೀಡ್ ಸಿಗರೇಟು ಬಿಟ್ಟು ಮತ್ತೆ ವೇಪು ಹಿಡಿದ, ನಾನು ಅವನಿಗೆ ಒಂದೇ ಮಾತು ಹೇಳಿದೆ. "ಹೊಗೆ ಅಂಗಿಗೆ ಹತ್ಕೊಂಡಿತು ಅನ್ನೋ ಕತೆ ಇನ್ನೊಂದು ಸಲ ನನ್ನ ಮುಂದೆ ತೆಗೀಬೇಡ. ತೆಗೆದ್ರೆ ಅವತ್ತೇ ನಾನು ನನ್ನ ತಂಗಿ ಮನೆಗೆ." ಎದುರುಮನೆ ಕರ್ಲಿಗೆ ಬೇರೆ ಶಿಕ್ಷೆ ಕೊಟ್ಟೆ. ಹೆಂಡತಿ ಸತ್ತ ಮೇಲೆ ಆ ಮನುಷ್ಯ ಒಬ್ಬನೇ ಏಡಿ ಹಿಡಿದುಕೊಂಡು, ನಾನು ಸೀಗಡಿ, ಮಾಂಸ ಹಾಕಿ ಮಾಡುವ ಗಂಬೋ ಸಾರು ತಿಂದುಕೊಂಡು ಬದುಕಿದವನು. ನನ್ನ ಗಂಬೋ ಅವನಿಗೆ ಬಂದ್ ಎಂದೆ. ಒಂದು ಕ್ರಿಸ್ಮಸ್ ಪೂರ್ತಿ ಬೇಲಿಯಾಚೆ ನಿಂತು ವಾಸನೆ ಕುಡಿದ, ನಾನು ಕರಗಲಿಲ್ಲ.

ಹಾಗಾಗಿ ಈ ಸಲ ರಸೆಲ್ ಎಂಬ ಗಾಳಿ ಬರುತ್ತಿದೆ ಎಂದಾಗ ಓವೀಡ್ ಇಷ್ಟೆಲ್ಲ ಕೂಡಿಹಾಕಿದ್ದಕ್ಕೆ ನನಗೆ ಒಳಗೊಳಗೇ ನೆಮ್ಮದಿಯೇ ಆಗಿತ್ತು. ಹಾಗಂತ ಬಾಯಿಬಿಟ್ಟು ಹೇಳುವ ಹೆಂಗಸು ನಾನಲ್ಲ. "ಇನ್ನೊಂದು ತುಂಡು ಈ ಮನೆಯೊಳಗೆ ಬಂದ್ರೆ ನಾನೇ ತಗೊಂಡು ಹೋಗಿ ಬಾಯೂ ಹೊಳೆಗೆ ಎಸೀತೀನಿ" ಎಂದು ದಿನಕ್ಕೆರಡು ಸಲ ಅನ್ನುತ್ತಿದ್ದೆ.

ಹೀಗೆ ಅನ್ನುತ್ತಿದ್ದ ನಾನೇ, ಗಾಳಿ ಕೊಲ್ಲಿಯೊಳಗೆ ಕಾಲಿಟ್ಟ ದಿನ, ಔಷಧಿ ತರುತ್ತೇನೆಂದು ಹೇಳಿ ಹೆದ್ದಾರಿ ಪಕ್ಕದ ವೇಪ್ ಅಂಗಡಿಗೆ ಹೋದೆ. ಒಳಗೆ ಹಣ್ಣಿನ ಮಿಠಾಯಿಯ ವಾಸನೆ. ಕುತ್ತಿಗೆಯವರೆಗೂ ಹಚ್ಚೆ ಹಾಕಿಸಿಕೊಂಡ ಹುಡುಗಿಯೊಬ್ಬಳು ಗಲ್ಲಾದಲ್ಲಿದ್ದಳು. ಯಾರಾದರೂ ನೋಡಿದರೆ ಎಂದು ನಾನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿದ್ದೆ.

"ಯಾವ ರುಚಿ ಕೊಡ್ಲಿ ಆಂಟಿ?" ಎಂದಳು.

"ನನ್ನ ಗಂಡನಿಗೆ. ಅವನಿಗೆ ಖುಷಿ ಆಗಬಾರದು, ಆದ್ರೆ ಸಿಗರೇಟಿಗೂ ಹೋಗಬಾರದು. ಅಂಥದ್ದು ಇದೆಯಾ?"

ಹುಡುಗಿ ತುಸು ಯೋಚಿಸಿ ಗುಲಾಬಿ ಬಣ್ಣದ್ದೊಂದನ್ನು ತೆಗೆದಿಟ್ಟಳು. ಬಬಲ್ ಗಮ್ ರುಚಿ. ಚಾರ್ಜೂ ಬೇಡ, ರಸ ತುಂಬುವುದೂ ಬೇಡ, ಮುಗಿಯುವವರೆಗೆ ಎಳೆದು ಬಿಸಾಡುವಂಥದ್ದು. "ಗಾಳಿ ಬರುತ್ತಲ್ಲ, ಅಂಗಡಿಗೆ ಬಂದವರೆಲ್ಲ ಇದನ್ನೇ ಒಂದೊಂದು ಎತ್ತಿಡ್ತಿದ್ದಾರೆ" ಎಂದಳು. ನಾನು ಅದನ್ನು ಮನೆಗೆ ತಂದು ಕಾಫಿ ಡಬ್ಬಿಯೊಳಗೆ ಪುಡಿಯ ಅಡಿಯಲ್ಲಿ ಹೂತಿಟ್ಟೆ. ಓವೀಡ್ ಈ ಮನೆಯಲ್ಲಿ ಕಾಫಿ ಕುಡಿಯುತ್ತಾನೆಯೇ ಹೊರತು ಮಾಡಿದ್ದನ್ನು ಯಾರೂ ಕಂಡಿಲ್ಲ.

ಓವೀಡ್ ಮಾತ್ರ ತನ್ನ ಆಸ್ತಿಯನ್ನು ನಮ್ಮೂರಿನವರೆಲ್ಲ ಇಡುವ ಜಾಗದಲ್ಲೇ ಇಟ್ಟ, ಪಾತ್ರೆ ತೊಳೆಯುವ ಡಿಶ್‌ವಾಷರಿನಲ್ಲಿ. ಗಾಳಿ ಬಂದರೆ ಮನೆಪತ್ರ, ಮದುವೆ ಫೋಟೋ, ತಾತನ ಗಡಿಯಾರ ಎಲ್ಲ ಅದರೊಳಗೆ ಹೋಗುತ್ತವೆ. ನನ್ನ ಅಮ್ಮನೂ ಹಾಗೇ ಇಡುತ್ತಿದ್ದಳು. ಗೋಡೆಗೆ ತಿರುಪು ಹಾಕಿ ಕೂರಿಸಿರುತ್ತಾರೆ, ಬಾಗಿಲಿನ ಸುತ್ತ ದಪ್ಪ ರಬ್ಬರ್ ಪಟ್ಟಿ ಇರುತ್ತದೆ. ಮಾಡು ಹಾರಿಹೋಗಿ, ಗೋಡೆ ಬಿದ್ದುಹೋಗಿ, ಡಿಶ್‌ವಾಷರ್ ಮಾತ್ರ ಕೂತಲ್ಲೇ ಕೂತಿದ್ದ ಮನೆಗಳನ್ನು ನಾವೇ ಕಂಡಿದ್ದೇವೆ.

ಕೆಳಗಿನ ಅರೆಗೆ ನಾನು ಫೋಟೋ ಆಲ್ಬಮ್ಮುಗಳನ್ನು ಇಟ್ಟೆ, ಸೀಗಡಿ ಕಟ್ಟಿ ಫ್ರೀಜರಿಗೆ ಹಾಕುವ ಚೀಲಗಳಲ್ಲಿ, ಒಂದರೊಳಗೊಂದು ಎರಡು ಚೀಲ. ಮೇಲಿನ ಅರೆಯಲ್ಲಿ ಓವೀಡ್ ತನ್ನ ಯಂತ್ರಗಳನ್ನೂ ಬ್ಯಾಟರಿಗಳನ್ನೂ ಬಟ್ಟಲು ಜೋಡಿಸಿದಂತೆ ಸಾಲಾಗಿ ಜೋಡಿಸಿದ.

"ಅದಕ್ಕೂ ಒಂದು ಚೀಲ ಹಾಕು," ಎಂದೆ.

"ಚೀಲ ಯಾಕೆ? ಇದರೊಳಗೆ ನೀರು ಹೋಗೋಕೆ ದಾರಿನೇ ಇಲ್ಲ."

ಒಳಗೆ ನೀರು ಎರಚುವುದನ್ನು ಬಿಟ್ಟು ಬೇರೆ ಕಸುಬೇ ಇಲ್ಲದ ಯಂತ್ರದ ಎದುರು ಮಂಡಿಯೂರಿ ಕೂತು ಅವನು ಈ ಮಾತು ಹೇಳಿದ. ನನಗೂ ಆ ಹೊತ್ತಿನಲ್ಲಿ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಕೇಳಿಕೊಂಡು ಬಂದ ಮಾತಿನಲ್ಲಿ ಯಾರು ತಪ್ಪು ಹುಡುಕುತ್ತಾರೆ? ಅವನು ಬಾಗಿಲು ಮುಚ್ಚಿ, ಮೇಲೆ ಎರಡು ಸಲ ತಟ್ಟಿ, "ಈಗ ರಸೆಲ್ ಬರಲಿ, ನೋಡ್ಕೋತೀನಿ" ಎಂದ.

ಇಷ್ಟಾದ ಮೇಲೆ ಟ್ರಕ್ಕನ್ನು ಚರ್ಚಿನ ಹತ್ತಿರದ ಎತ್ತರದ ಜಾಗದಲ್ಲಿ ಬಿಟ್ಟು ಬಂದು, ನಾವಿಬ್ಬರೂ ಹೊರಗೆ ಕಿಟಕಿಗಳಿಗೆ ಪ್ಲೈವುಡ್ ಬಡಿದೆವು. ಅವನ ಡ್ರಿಲ್ಲಿನ ಗದ್ದಲದಲ್ಲಿ ನನಗೆ ನನ್ನ ಬೈಗುಳವೇ ಕೇಳಿಸುತ್ತಿರಲಿಲ್ಲ. ಒಳಗೆ ಇದ್ದದ್ದು ಅವನ ತಾಯಿ ಒಬ್ಬರೇ, ಮಾಮೊ ಯೂಲಾ. ಎಂಬತ್ತಾರು ವರ್ಷ, ಒಂದು ಕಣ್ಣಿಗೆ ಪೊರೆ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ಗರಿಗಳ ಭಾನುವಾರದಂದು ಚರ್ಚಿನಲ್ಲಿ ಕೊಟ್ಟಿದ್ದ ತಾಳೆಗರಿಯನ್ನು ರಕ್ಷೆಗೆಂದು ಬಾಗಿಲ ಮೇಲೆ ಸಿಕ್ಕಿಸಿ, ಜಪಮಾಲೆ ಹಿಡಿದು ಅಡುಗೆಮನೆಯಲ್ಲಿ ಕೂತಿದ್ದರು.

ಮಧ್ಯಾಹ್ನ ಕರೆಂಟು ಹೋಯಿತು. ಆಮೇಲಿನ ಗಾಳಿಯ ಬಗ್ಗೆ ಹೇಳುವುದೇನಿದೆ. ಗಾಳಿ ಬಂತು, ಮಾಡಿನ ಒಂದು ತಗಡು ತೆಗೆದುಕೊಂಡು ಹೋಯಿತು, ಮಾಮೊ ಗಾಳಿಗಿಂತ ಜೋರಾಗಿ ಜಪ ಮಾಡಿದರು. ಬೆಳಗಾಗುವಷ್ಟರಲ್ಲಿ ಎಲ್ಲ ನಿಂತುಹೋಗಿ, ಬಾಯೂ ನೀರು ದಾರಿಯನ್ನೆಲ್ಲ ನುಂಗಿ ನಮ್ಮ ಮನೆಯ ಕಂಬಗಳ ನಡುವೆ ತೇಲಾಡುತ್ತಿತ್ತು. ಮನೆ ಎತ್ತರದ ಕಂಬಗಳ ಮೇಲಿರುವುದರಿಂದ ನಮಗೇನೂ ಆಗಲಿಲ್ಲ. ಊರಿನ ಅಂಗಡಿಗಳಿಗೆ ಮಾತ್ರ ಹೋಗುವ ಹಾಗಿರಲಿಲ್ಲ.

ಓವೀಡ್ ಅಂಗಿ ಜೇಬಿನಲ್ಲಿ ತನ್ನ ದಿನಬಳಕೆಯ ವೇಪು ಇಟ್ಟುಕೊಂಡು, ಚಪ್ಪಟೆ ದೋಣಿ ಕಟ್ಟಿದಲ್ಲೇ ಇದೆಯೋ ನೋಡಲು ಜಗಲಿಯ ಕಟಕಟೆಯ ಮೇಲೆ ಬಗ್ಗಿದ. ಗುಳುಂ ಎಂದಿತು. ಜೇಬು ಮುಟ್ಟಿ ನೋಡಿಕೊಂಡ, ಕಂದು ಬಣ್ಣದ ನೀರನ್ನು ನೋಡಿದ, ಆಮೇಲೆ ನಕ್ಕ.

"ಬೇರೆ ಯಾರಾದ್ರೂ ಆಗಿದ್ರೆ ಇಷ್ಟೊತ್ತಿಗೆ ಎದೆ ಬಡ್ಕೋತಿದ್ರು," ಎಂದ. "ನಾನು ತಯಾರಿ ಮಾಡ್ಕೊಂಡಿರೋನು."

ಅಡುಗೆಮನೆಗೆ ಹೋಗಿ, ಪೀಠದ ಮುಂದೆ ನಿಂತ ಪಾದ್ರಿಯ ಗತ್ತಿನಲ್ಲಿ ಡಿಶ್‌ವಾಷರಿನ ಬಾಗಿಲು ಎಳೆದ. ಒಳಗಿನಿಂದ ಮೊದಲು ಬಂದದ್ದು ನಿಂಬೆಹಣ್ಣಿನ ವಾಸನೆ. ಆಮೇಲೆ ಬಾಗಿಲ ಅಂಚಿನಿಂದ ಅವನ ಕಾಲ ಮೇಲೆ ತೊಟ್ಟಿಕ್ಕಿದ ನೀರು. ಯಂತ್ರಗಳು, ಬ್ಯಾಟರಿಗಳು, ಚಾರ್ಜರುಗಳು ಎಲ್ಲ ಇಟ್ಟಲ್ಲೇ ಇದ್ದವು, ಫಳಫಳ ಹೊಳೆಯುತ್ತಿದ್ದವು. ಹುಟ್ಟಿದ ಮೇಲೆ ಅವು ಅಷ್ಟು ಶುಭ್ರವಾಗಿದ್ದದ್ದು ಅವತ್ತೇ ಇರಬೇಕು.

ಓವೀಡ್ ಒಂದು ಯಂತ್ರ ಎತ್ತಿ ಅಲ್ಲಾಡಿಸಿದ. ಅದರೊಳಗೆ ನೀರು ಕುಲುಕಿತು.

"ಇದನ್ನ ಯಾರು ಆನ್ ಮಾಡಿದ್ದು?" ಎಂದ. ದನಿ ಬಹಳ ಸಣ್ಣಗಿತ್ತು.

"ನಾನೇ," ಎಂದರು ಮಾಮೊ, ಜಪಮಾಲೆಯಿಂದ ತಲೆ ಎತ್ತದೆ. "ಕರೆಂಟು ಹೋಗೋಕೆ ಮುಂಚೆ ತೊಳೆಯೋದೆಲ್ಲ ತೊಳೆದು ಇಟ್ಕೋಬೇಕು. ನಿಮಗೆ ಜ್ಞಾನ ಇಲ್ಲ, ಪಾತ್ರೆ ತುಂಬಿ ಬಾಗಿಲು ಹಾಕಿ ಹೊರಟೋದ್ರಿ. ಸೋಪು ಹಾಕಿ ಗುಂಡಿ ಒತ್ತಿದೆ."

"ಅಮ್ಮಾ, ಅದು ಪಾತ್ರೆನಾ? ಕಣ್ಣಿಗೆ ಕಾಣಲಿಲ್ವಾ?"

"ಕಂಡಿತಪ್ಪ. ಕಪ್ಪು ಕಪ್ಪಗೆ ಏನೇನೋ ಇತ್ತು. ನಿನ್ನ ಹೆಂಡ್ತಿ ತಳ ಹಿಡಿಸಿದ ಪಾತ್ರೆ ಅಂದ್ಕೊಂಡೆ."

ನನಗೆ ನಗು ಬಂದದ್ದು ನಿಜ, ಪಿತ್ತ ಕೆರಳಿದ್ದೂ ನಿಜ. ನನ್ನ ಆಲ್ಬಮ್ಮುಗಳನ್ನು ತೆಗೆದು ನೋಡಿದೆ. ಎರಡು ಚೀಲದೊಳಗೆ ಮದುವೆ ದಿನದ ಓವೀಡ್ ಒಂದು ಹನಿ ನೀರೂ ತಾಕದೆ, ಮೀಸೆ ತಿರುವಿಕೊಂಡು ನಿಂತಿದ್ದ.

"ಫೋಟೋ ಚೆನ್ನಾಗಿದೆ," ಎಂದೆ. "ಚೀಲ ಯಾಕೆ ಅಂತ ಯಾರೋ ಕೇಳಿದ್ರು, ಯಾರದು?"

ಅವನು ಬ್ಯಾಟರಿಗಳನ್ನೆಲ್ಲ ಒಂದು ಬಕೆಟ್ಟಿಗೆ ಹಾಕಿ ಜಗಲಿಯ ಆಚೆ ತುದಿಗೆ ಒಯ್ದಿಟ್ಟ. ನೀರು ಕುಡಿದ ಬ್ಯಾಟರಿಯನ್ನು ಒಣಗಿಸಿ ಬಳಸುವ ಹಾಗಿಲ್ಲ, ಬೆಂಕಿ ಹತ್ತಿಕೊಳ್ಳುತ್ತದೆ ಎಂದು ಗೊಣಗಿದ. ರಸದ ಬಾಟಲಿಗಳಿಗೆ ಏನೂ ಆಗಿರಲಿಲ್ಲ, ಮುಚ್ಚಳಗಳು ಬಿಗಿಯಾಗಿದ್ದವು. ಮುಂದಿನ ಈಸ್ಟರಿನವರೆಗೆ ಸಾಕಾಗುವಷ್ಟು ರಸವನ್ನು ಮುಂದಿಟ್ಟುಕೊಂಡು, ಅದನ್ನು ತುಂಬಲು ಒಂದು ಯಂತ್ರವೂ ಇಲ್ಲದೆ ಮುಖ ಹುಳ್ಳಗೆ ಮಾಡಿಕೊಂಡು ಕೂತ. ಆಮೇಲೆ ನನ್ನ ಸೆಲೆರಿ ದಂಟು ಒಂದನ್ನು ಬಾಯಲ್ಲಿಟ್ಟುಕೊಂಡ. ಅದನ್ನು ಅಗಿದು ಮುಗಿಸಿ ಇನ್ನೊಂದು ತೆಗೆದ.

ಆಗಲೇ ಕಾಫಿ ಡಬ್ಬಿ ತೆಗೆದು ಕೊಡಬೇಕಿತ್ತು, ಗೊತ್ತು. ಆದರೆ ಅಕ್ಕಿ ನಿನ್ನ ಖಾತೆ ಎಂದದ್ದು, ಚೀಲ ಯಾಕೆ ಎಂದದ್ದು, ತಯಾರಿ ಮಾಡಿಕೊಂಡವನು ಎಂದದ್ದು, ಎಲ್ಲ ನನ್ನ ಹೊಟ್ಟೆಯಲ್ಲಿ ಇನ್ನೂ ಬೆಚ್ಚಗಿತ್ತು. ಇನ್ನೊಂದು ಸ್ವಲ್ಪ ಒದ್ದಾಡಲಿ, ಮೆತ್ತಗಾಗಲಿ, ಕಾಫಿ ಮಾಡುವಾಗ ಎದುರಿಗೆ ತೆಗೆದಿಟ್ಟು ಮುಖ ನೋಡೋಣ ಎಂದುಕೊಂಡೆ. ಒಳಗೆ ಹೋಗಿ ಫ್ರೀಜರಿನಲ್ಲಿ ಕರಗತೊಡಗಿದ್ದ ಸೀಗಡಿ, ಸಾಸೇಜು, ಬಾತುಕೋಳಿ ಎಲ್ಲ ತೆಗೆದು ಪಾತ್ರೆಗೆ ಹಾಕಿದೆ. ಕರೆಂಟು ಹೋದ ಮೇಲೆ ಊರಿನವರ ಫ್ರೀಜರಿನಲ್ಲಿದ್ದದ್ದೆಲ್ಲ ಊರಿನ ಒಲೆಗೆ ಬರಲೇಬೇಕು.

ಗ್ಯಾಸ್ ಹಚ್ಚಿ ಜಗಲಿಗೆ ಬಂದರೆ ಕುರ್ಚಿ ಖಾಲಿ. ಕೆಳಗೆ ದೋಣಿಯೂ ಇಲ್ಲ.

"ಮಾಮೊ, ಓವೀಡ್ ಎಲ್ಲಿ?"

"ಕರ್ಲಿ ಮನೆ ಕಡೆ ಹುಟ್ಟು ಹಾಕ್ಕೊಂಡು ಹೋದ."

"ಏನಂತ ಹೇಳಿ ಹೋದ?"

"ಏನೂ ಹೇಳಲಿಲ್ಲ. ಅವರಪ್ಪನೂ ಅಷ್ಟೇ, ಸುಳ್ಳು ಹೊಳೀದೇ ಇದ್ದಾಗ ಏನೂ ಹೇಳ್ತಿರಲಿಲ್ಲ."

ಅವನ ಮೇಲೆ ಬಂದ ಕೋಪಕ್ಕಿಂತ ಜಾಸ್ತಿ ನನ್ನ ಮೇಲೇ ಬಂತು. ಡಬ್ಬಿಯಲ್ಲಿ ಮದ್ದು ಹೂತಿಟ್ಟುಕೊಂಡು, ಅವನ ಮುಖ ನೋಡುವ ಚಪಲಕ್ಕೆ ಕೂತೆನಲ್ಲ. ಆಸ್ಪತ್ರೆಯ ಆ ನಳಿಗೆ ಕಣ್ಣ ಮುಂದೆ ಬಂತು. ಒಲೆ ಆರಿಸಿ, ಓವೀಡನ ಬಿಳಿ ರಬ್ಬರ್ ಬೂಟು ಹಾಕಿಕೊಂಡು, ಕಾಫಿ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ಮೆಟ್ಟಿಲಿಳಿದೆ.

"ಬೂಟಿನೊಳಗೆ ನೀರು ಹೋಗುತ್ತೆ ಕಣೇ," ಎಂದರು ಮಾಮೊ.

"ಹೋಗ್ಲಿ ಬಿಡಿ. ಈ ಮನೇಲಿ ನೀರು ಹೋಗದೇ ಇರೋ ಜಾಗ ಯಾವುದಿದೆ?"

ನೀರು ತೊಡೆಯವರೆಗಿತ್ತು. ಬೂಟು ಎರಡೂ ತುಂಬಿಕೊಂಡು ಒಂದೊಂದು ಕಾಲೂ ಒಂದೊಂದು ಮಣ ಆಯಿತು. ಕೊಂಬೆ, ಬಕೆಟ್ಟು, ಯಾರದೋ ಅಂಚೆಡಬ್ಬಿ ಪಕ್ಕದಲ್ಲೇ ತೇಲಿಹೋದವು. ದಾರಿಯುದ್ದಕ್ಕೂ ಏನೇನು ಬೈಯಬೇಕೆಂದು ಒಂದೊಂದಾಗಿ ಜೋಡಿಸಿಕೊಂಡೆ. ಅರ್ಧ ದಾರಿಗೆ ವಾಸನೆ ಬಂತು. ಮಾಂಸ ಸುಡುವ ವಾಸನೆ, ಅದರ ಜೊತೆಗೆ ಖಂಡಿತವಾಗಿಯೂ ಸಿಗರೇಟಿನ ವಾಸನೆ. ನಲವತ್ತು ವರ್ಷ ಅದರ ಜೊತೆ ಮಲಗಿದವಳಿಗೆ ಯಾರೂ ಬಂದು ಹೇಳಿಕೊಡಬೇಕಾಗಿಲ್ಲ. ಜೋಡಿಸಿಕೊಂಡಿದ್ದ ಬೈಗುಳವೆಲ್ಲ ಅಲ್ಲೇ ಉದುರಿಹೋಯಿತು. ಅಳು ಬಂತು.

ಕರ್ಲಿಯ ಜಗಲಿಯ ಮೇಲೆ ಪೀಪಾಯಿ ಸೀಳಿ ಮಾಡಿದ ಅವನ ಒಲೆ ಹೊಗೆಯಾಡುತ್ತಿತ್ತು. ಅದರ ಎರಡು ಬದಿಗೆ ಇಬ್ಬರೂ ಗಂಡಸರು ಕುರ್ಚಿ ಹಾಕಿಕೊಂಡು, ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು. ನಾನು ಮೆಟ್ಟಿಲು ಹತ್ತುವಾಗ ಬೂಟಿನೊಳಗಿನ ನೀರು ಪಚಪಚ ಎಂದಿತು. ಓವೀಡ್ ಎದ್ದು ನಿಂತ.

"ಮಿಸ್ ನೊಯೆಲಿ, ಮೊದ್ಲು ಕೂತ್ಕೊಳ್ಳಿ," ಎಂದ ಕರ್ಲಿ. ನಮ್ಮ ಕಡೆ ಮದುವೆಯಾದವಳೂ ಮಿಸ್ಸೇ.

"ನೀನು ಬಾಯಿ ಮುಚ್ಕೊಂಡಿರು ಕರ್ಲಿ," ಎಂದೆ. ಓವೀಡನ ಹತ್ತಿರ ಹೋಗಿ ಅಂಗಿ ಹಿಡಿದು ಮೂಸಿದೆ. ಕತ್ತುಪಟ್ಟಿಯಿಂದ ಗುಂಡಿಯವರೆಗೆ ಸಿಗರೇಟೇ ಸಿಗರೇಟು. "ಹೇಳು. ಹೊಗೆ ಅಂಗಿಗೆ ಹತ್ಕೊಂಡಿದೆ ಅನ್ನು, ಕೇಳೋಣ."

ಓವೀಡ್ ನೆಲ ನೋಡಿದ. "ಹೊಗೆ ಅಂಗಿಗೆ ಹತ್ಕೊಂಡಿದೆ ನೊಯೆಲಿ," ಎಂದ.

ನಾನು ಡಬ್ಬಿಯಿಂದಲೇ ಅವನ ತಲೆಗೆ ಕುಕ್ಕಲು ಹೋದೆ. ಕರ್ಲಿ ನಡುವೆ ಬಂದ.

"ನಿಜ ಹೇಳ್ತಿದ್ದಾನೆ ಮಿಸ್ ನೊಯೆಲಿ. ಇವನು ದೋಣಿ ತಿರುಗಿಸಿದ್ದು ನಾನು ಇಲ್ಲಿಂದಲೇ ನೋಡಿದೆ. ಮುಖ ನೋಡಿದ ಕೂಡ್ಲೇ ಯಾಕೆ ಬರ್ತಿದ್ದಾನೆ ಅಂತ ಗೊತ್ತಾಯ್ತು. ನನ್ನ ಹತ್ರ ಇದ್ದಿದ್ದು ಒಂದೇ ಪ್ಯಾಕು. ಇವನು ಹತ್ತಿರ ಬಂದುಬಿಟ್ಟ, ಎಲ್ಲಿ ಬಚ್ಚಿಡಲಿ? ಒಲೆ ಮುಚ್ಚಳ ತೆಗೆದೆ, ಪ್ಯಾಕು ಪೂರ್ತಿ ಒಳಗೆ ಹಾಕಿ ಮುಚ್ಚಿದೆ." ಅವನು ಗಂಟಲು ಸರಿ ಮಾಡಿಕೊಂಡ. "ನಿಮ್ಮ ಗಂಬೋ ಇಲ್ಲದೆ ಒಂದು ಕ್ರಿಸ್ಮಸ್ ಕಳೆದಿದ್ದೀನಿ. ಇನ್ನೊಂದು ನನ್ನ ಕೈಲಾಗಲ್ಲ."

ಮುಚ್ಚಳ ಎತ್ತಿ ನೋಡಿದೆ. ಹಂದಿ ಪಕ್ಕೆಲುಬುಗಳು ಕರ್ರಗಾಗಿದ್ದವು. ಕೆಂಡದ ಮೇಲೆ ಬೂದಿ, ಬೂದಿಯಲ್ಲಿ ಬೆಳ್ಳಿ ಕಾಗದದ ಒಂದು ಚೂರು. ಆ ಬೂದಿ ಇಡೀ ಪ್ಯಾಕಿನದೋ, ಇಬ್ಬರೂ ಕೂತು ಎರಡು ಸೇದಿ ಉಳಿದದ್ದರದೋ, ಬೂದಿ ನೋಡಿ ಯಾರಿಗೆ ಹೇಳಲಾದೀತು? ನನಗೆ ಹೇಳಲಾಗಲಿಲ್ಲ.

"ನೀನು ಇಲ್ಲಿಗೆ ಯಾಕೆ ಬಂದೆ?" ಎಂದು ಓವೀಡನನ್ನು ಕೇಳಿದೆ. ಸ್ಪ್ಯಾನರ್ ಎನ್ನುತ್ತಾನೆ, ಇಲ್ಲವೇ ತಗಡಿನ ಮೊಳೆ ಎನ್ನುತ್ತಾನೆ ಎಂದು ಕಾದೆ.

"ಸಿಗರೇಟು ಕೇಳೋಕೆ," ಎಂದ. "ಒಂದೇ ಒಂದು ಅಂತ. ದೋಣೀಲಿ ಕೂತಾಗಲೂ ಅದನ್ನೇ ಹೇಳ್ಕೊಂಡು ಬಂದೆ, ಒಂದೇ ಒಂದು. ಇದ್ದಿದ್ರೆ ಸೇದ್ತಿದ್ದೆ ನೊಯೆಲಿ. ಇರಲಿಲ್ಲ. ಆಮೇಲೆ ವಾಪಸ್ಸು ಬರೋಕೆ ನಾಚಿಕೆ ಆಯ್ತು, ಇಲ್ಲೇ ಕೂತೆ."

ಮದುವೆಯಾದಾಗಿನಿಂದ ಈ ಗಂಡಸು ನನಗೆ ಹೇಳಿದ ಸುಳ್ಳುಗಳೆಲ್ಲ ನನಗೆ ಗೊತ್ತು. ಅವನ ಸುಳ್ಳುಗಳಲ್ಲಿ ಅವನು ಯಾವಾಗಲೂ ಒಳ್ಳೆಯವನಾಗಿರುತ್ತಾನೆ. ತನ್ನನ್ನು ತಾನೇ ಹೀಗೆ ಬಯಲು ಮಾಡಿಕೊಳ್ಳುವ ಸುಳ್ಳು ಅವನಿಗೆ ಕಟ್ಟಲು ಬರುವುದಿಲ್ಲ. ಅವನು ಬಿಟ್ಟ ಕುರ್ಚಿಯಲ್ಲಿ ಕೂತೆ.

ಆಮೇಲೆ ಕಾಫಿ ಡಬ್ಬಿಯ ಮುಚ್ಚಳ ತೆಗೆದು, ಮೊಣಕೈವರೆಗೆ ಕೈಯನ್ನು ಪುಡಿಯೊಳಗೆ ಹಾಕಿ, ಗುಲಾಬಿ ಬಣ್ಣದ ಅದನ್ನು ಎಳೆದು ಅವನ ಕೈಗಿಟ್ಟೆ. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದರು.

"ಇದು ಎಲ್ಲಿತ್ತು?"

"ಕಾಣಲ್ವಾ? ಕಾಫೀಲಿ."

"ನೀನು ಆ ಅಂಗಡಿಗೆ ಹೋಗಿದ್ಯಾ? ನೀನಾ?"

"ಟೋಪಿ ಹಾಕ್ಕೊಂಡು ಹೋಗಿದ್ದೆ. ಇನ್ನೊಂದು ಮಾತು ಕೇಳಿದ್ರೆ ಬಾಯೂಗೆ ಎಸೀತೀನಿ."

ಅವನು ಕೇಳಲಿಲ್ಲ. ಪುಡಿ ಒರೆಸಿ, ತುಟಿಗಿಟ್ಟು ಒಂದು ಸಲ ಎಳೆದ. ಮುಖ ಕಿವುಚಿಕೊಂಡು ಕೆಮ್ಮಿದ.

"ಇದೇನೇ ಇದು ರುಚಿ?"

"ಬಬಲ್ ಗಮ್. ಬೇಕಂತಲೇ ತಂದಿದ್ದು."

ಇನ್ನೊಂದು ಸಲ ಎಳೆದು ಕಣ್ಣು ಮುಚ್ಚಿದ. ಭುಜಗಳು ಇಳಿದವು. ಆಮೇಲೆ ಕರ್ಲಿಯ ಕಡೆ ನೋಡಿದ. ಕೊನೆಯ ಪ್ಯಾ‌ಕನ್ನು ಕೆಂಡಕ್ಕೆ ಹಾಕಿದ ಆ ಮನುಷ್ಯ ಕಾಲು ಕುಣಿಸಿಕೊಂಡು, ಉಗುರು ಕಚ್ಚಿಕೊಂಡು ಕೂತಿದ್ದ. ಅಂಗಡಿ ತೆರೆಯುವವರೆಗೆ ಅವನ ಗತಿಯೂ ಅದೇ ಅಲ್ಲವೇ. ಓವೀಡ್ ಯಂತ್ರದ ತುದಿಯನ್ನು ಅಂಗಿಗೆ ಒರೆಸಿ ಅವನಿಗೆ ಚಾಚಿದ.

"ತಗೋ, ಒಂದು ದಮ್ಮು ಎಳಿ. ಗುಲಾಬಿ ಬಣ್ಣ ನಿನಗೆ ಒಪ್ಪುತ್ತೆ."

"ಇದನ್ನ ಎಳೆದಿದ್ದು ಏಡಿ ಹಿಡಿಯೋರಿಗೆ ಗೊತ್ತಾದ್ರೆ ನಾನು ದೋಣಿ ಮಾರಬೇಕಾಗುತ್ತೆ," ಎಂದ ಕರ್ಲಿ. ಎಳೆದ. ಎರಡು ಸಲ ಎಳೆದ.

ಪಕ್ಕೆಲುಬು ಬಾಯಲ್ಲಿಡಲಾಗಲಿಲ್ಲ, ಬೂದಿತಟ್ಟೆ ನೆಕ್ಕಿದ ಹಾಗಿತ್ತು. ಕರ್ಲಿ ಒಂದು ಪಕ್ಕೆಲುಬು ಪೂರ್ತಿ ತಿಂದ, ಅವನಿಗೆ ಬೇಕಾದದ್ದು ಅದರಲ್ಲೇ ಸಿಕ್ಕಿತೇನೋ. "ಸಂಜೆ ಪಾತ್ರೆ ಹಿಡ್ಕೊಂಡು ಬಾ, ಗಂಬೋ ಆಗಿರುತ್ತೆ," ಎಂದೆ ಅವನಿಗೆ. ಅವನು ಟೋಪಿ ತೆಗೆದು ಎದೆಗಿಟ್ಟುಕೊಂಡ. ಬರುವಾಗ ಓವೀಡ್ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹುಟ್ಟು ಹಾಕಿದ. ನಾನು ಬೂಟು ಕಳಚಿ ನೀರು ಸುರಿದೆ.

ಮನೆಯ ಮೆಟ್ಟಿಲ ತುದಿಯಲ್ಲಿ ಮಾಮೊ ನಿಂತಿದ್ದರು. ಒಂದು ಕೈಯಲ್ಲಿ ಜಪಮಾಲೆ, ಇನ್ನೊಂದರಲ್ಲಿ ಬಾಗಿಲ ಮೇಲಿಂದ ತೆಗೆದ ಗರಿ. ಓವೀಡ್ ಮೇಲೆ ಬಂದ ಕೂಡಲೇ ಅವನ ಕೊರಳಪಟ್ಟಿ ಹಿಡಿದು ಬಗ್ಗಿಸಿ ಮೂಸಿದರು. ಆ ಗರಿಯಿಂದಲೇ ಅವನ ಬೆನ್ನಿಗೆ ಬಾರಿಸಿದರು, ಆರು ವರ್ಷದ ಹುಡುಗನಿಗೆ ಬಾರಿಸುವ ಹಾಗೆ.

"ನಿಮ್ಮಪ್ಪನ್ನ ಮಣ್ಣು ಮಾಡಿದೆ," ಎಂದರು. "ಇನ್ನು ನಿನ್ನನ್ನೂ ಮಾಡ್ಲಾ? ನನ್ನ ಕೈಲಾಗಲ್ಲ ಮಗಾ."

ಹೇಳಲು ಅವನ ಹತ್ತಿರ ಇದ್ದದ್ದು ಒಂದೇ ಮಾತು, ಅದನ್ನು ಅವನು ಹೇಳುವ ಹಾಗಿರಲಿಲ್ಲ.

"ಮಾಮೊ, ಬಿಡಿ," ಎಂದೆ. "ಅವನು ಸೇದಿಲ್ಲ."

"ವಾಸನೆ ಹೊಡೀತಿದೆಯಲ್ಲೇ. ನನ್ನ ಕಣ್ಣು ಹೋಗಿರಬಹುದು, ಮೂಗು ಹೋಗಿಲ್ಲ. ನೀನು ಕಣ್ಣಾರೆ ನೋಡಿದ್ಯಾ, ಸೇದಲಿಲ್ಲ ಅಂತ?"

"ನೋಡಲಿಲ್ಲ."

"ಮತ್ತೆ?"

ಓವೀಡ್ ನನ್ನ ಮುಖವನ್ನೇ ನೋಡುತ್ತಿದ್ದ.

"ಹೊಗೆ ಅಂಗಿಗೆ ಹತ್ಕೊಂಡಿದೆ," ಎಂದೆ.

ಮಾಮೊ ನನ್ನನ್ನು ಪೊರೆಯಿಲ್ಲದ ಕಣ್ಣಿನಿಂದ ಬಹಳ ಹೊತ್ತು ನೋಡಿದರು. ಆಮೇಲೆ ಗರಿಯನ್ನು ಮತ್ತೆ ಬಾಗಿಲ ಮೇಲೆ ಸಿಕ್ಕಿಸಲು ಹೋದರು. ಓವೀಡ್ ಏನೋ ಹೇಳಲು ಹತ್ತಿರ ಬಂದ. ಅದನ್ನು ಕೇಳುವ ಧೈರ್ಯ ನನಗಿರಲಿಲ್ಲ. "ಅಂಗಿ ಬಿಚ್ಚಿ ಕೊಡು, ನಾರುತ್ತಿದೆ," ಎಂದೆ. ಅವನು ಬಿಚ್ಚಿ ಕೊಟ್ಟ. ಕುಡಿಯುವ ನೀರು ಅಷ್ಟೇನೂ ಇರಲಿಲ್ಲ, ಆದರೂ ಅದರಲ್ಲೇ ಒಂದು ಬಕೆಟ್ ತೆಗೆದು, ಅಂಗಿಯನ್ನು ನೆನೆಹಾಕಿ, ಜಗಲಿಯಲ್ಲಿ ಕೂತು ಕೈಯಾರೆ ಒಗೆದೆ.